ಸೋಲುತ್ತಿರುವ ತಂಡವನ್ನು ಮತ್ತೆ ಕಟ್ಟುವಾಗ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಾವು ಸುಂಟಿಕೊಪ್ಪದ ಕೆಲವು ಗೆಳೆಯರು ಬೆಂಗಳೂರು ಎಫ್‌ಸಿ ಫುಟ್‌ಬಾಲ್ ಕ್ಲಬ್ಬಿನ ಬೆಂಬಲಿಗರು. ಪಂದ್ಯಗಳನ್ನು ಟಿವಿಯಲ್ಲಿ ತಪ್ಪದೆ ನೋಡುತ್ತೇವೆ, ಆದಾಗ ಬಸ್ಸು ಹಿಡಿದು ಕಂಠೀರವಕ್ಕೂ ಹೋಗುತ್ತೇವೆ. ತಂಡ ಸೋಲತೊಡಗಿದರೆ ಸಾಕು, ನಮ್ಮಲ್ಲಿ ಮೂರು ಪಕ್ಷವಾಗುತ್ತದೆ. ಹಳಬರನ್ನೆಲ್ಲ ಕಳಿಸಿಬಿಡಿ ಎನ್ನುವವರು ಒಂದು ಕಡೆ, ಒಬ್ಬ ದೊಡ್ಡ ವಿದೇಶಿ ಸ್ಟ್ರೈಕರ್ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಇನ್ನೊಂದು ಕಡೆ, ಅಕಾಡೆಮಿ ಹುಡುಗರನ್ನು ಇಳಿಸಿ ಎನ್ನುವವರು ಮತ್ತೊಂದು ಕಡೆ. ಯಾರ ಮಾತು ಸರಿ? ಕೆಳಗೆ ಬಿದ್ದ ವೃತ್ತಿಪರ ತಂಡವನ್ನು ನಿಜವಾಗಿ ಕಟ್ಟುವುದು ಹೇಗೆ? ನಮ್ಮ ಕೊಡಗಿನ ಹುಡುಗರು ಅಂಥ ತಂಡದ ಕಣ್ಣಿಗೆ ಬೀಳಲು ಏನು ಮಾಡಬೇಕು?

ಉತ್ತರ: ಮೂರು ಪಕ್ಷಗಳಲ್ಲಿ ಹುಡುಗರ ಪರ ಇರುವವರೇ ಸರಿಯುತ್ತರಕ್ಕೆ ಹೆಚ್ಚು ಹತ್ತಿರ ಇದ್ದಾರೆ. ಆದರೆ ಅದಕ್ಕೆ ಕಾರಣ ಹುಡುಗರ ಹುಮ್ಮಸ್ಸೂ ಅಲ್ಲ, ಅವರಿಗೆ ಸಂಬಳ ಕಮ್ಮಿ ಎಂಬುದೂ ಅಲ್ಲ. ಬೆಂಗಳೂರು ಎಫ್‌ಸಿ ಆಡುವ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಒಂದು ತಂಡ ಹೆಚ್ಚೆಂದರೆ ಆರು ವಿದೇಶಿಯರನ್ನು ಇಟ್ಟುಕೊಳ್ಳಬಹುದು, ಮೈದಾನದಲ್ಲಿ ಒಮ್ಮೆಗೆ ನಾಲ್ವರು ಮಾತ್ರ. ಉಳಿದ ಏಳು ಜಾಗ ಭಾರತೀಯರದು. ವಿದೇಶಿಯರನ್ನು ದುಡ್ಡಿದ್ದವರು ಯಾವ ಬೇಸಿಗೆಯಲ್ಲಾದರೂ ತರಬಹುದು. ಒಳ್ಳೆಯ ಭಾರತೀಯ ಸೆಂಟರ್ ಬ್ಯಾಕ್ (ಗೋಲಿನ ಮುಂದೆ ಮಧ್ಯದಲ್ಲಿ ನಿಂತು ತಡೆಯುವವನು), ಒಳ್ಳೆಯ ಭಾರತೀಯ ಸ್ಟ್ರೈಕರ್ ಬೇಕೆಂದರೆ ದೇಶದಲ್ಲೇ ಬೆರಳೆಣಿಕೆಯಷ್ಟು ಜನ, ಅವರೂ ಬೇರೆ ಕ್ಲಬ್‌ಗಳ ಒಪ್ಪಂದದಲ್ಲಿ ಇರುತ್ತಾರೆ. ಆದ್ದರಿಂದ ತಂಡ ಏಳುವುದೂ ಬೀಳುವುದೂ ಈ ಏಳು ಜಾಗಗಳಲ್ಲಿ.

ನಮ್ಮ ಕಡೆಯ ಚರ್ಚೆ ಸ್ಟ್ರೈಕರ್ ಹೆಸರಿನಿಂದಲೇ ಶುರುವಾಗುವುದಕ್ಕೆ ಒಂದು ಹಿನ್ನೆಲೆ ಇದೆ. ಕೊಡಗಿನಲ್ಲಿ ನಾವು ನೋಡಿ ಬೆಳೆದ ಫುಟ್‌ಬಾಲ್ ಗೋಲ್ಡ್ ಕಪ್ ಮಾದರಿಯದು. ಸೋತವರು ಮನೆಗೆ, ಗೆದ್ದವರು ಮುಂದಿನ ಸುತ್ತಿಗೆ. ಅಲ್ಲಿ ಕೇರಳದಿಂದಲೋ ಮೈಸೂರಿನಿಂದಲೋ ಇಬ್ಬರು ಒಳ್ಳೆಯ ಗೆಸ್ಟ್ ಪ್ಲೇಯರ್‌ಗಳನ್ನು ಕರೆಸಿದರೆ ಎರಡು ಪಂದ್ಯ ಗೆಲ್ಲಬಹುದು, ಕಪ್ಪೂ ಬರಬಹುದು. ಲೀಗ್ ಹಾಗಲ್ಲ. 2024-25ರಲ್ಲಿ 13 ತಂಡಗಳಿದ್ದವು, ಪ್ರತಿ ತಂಡಕ್ಕೂ 24 ಪಂದ್ಯ. ಒಬ್ಬ ಆಟಗಾರ ಒಂದು ನಿಮಿಷವೂ ಬಿಡದೆ ಆಡಿದರೆ 2,160 ನಿಮಿಷ, ಹನ್ನೊಂದು ಜನರ ಒಟ್ಟು 23,760 ನಿಮಿಷ. ತಂಡ ಕಟ್ಟುವುದೆಂದರೆ ಈ 23,760 ನಿಮಿಷಗಳನ್ನು ಯಾರ ಕಾಲಿಗೆ ಒಪ್ಪಿಸುತ್ತೀರಿ ಎಂದು ಮೊದಲೇ ಲೆಕ್ಕ ಹಾಕುವುದು.

ಆದ್ದರಿಂದ ಮೊದಲ ಕೆಲಸ ಒಂದು ಪಟ್ಟಿ. ತಂಡದಲ್ಲಿರುವ ಪ್ರತಿಯೊಬ್ಬರ ಹೆಸರಿನ ಮುಂದೆ ಐದು ಕಲಂ: ವಯಸ್ಸು, ಹೋದ ಋತುವಿನಲ್ಲಿ ಆಡಿದ ನಿಮಿಷ, ಗಾಯದಿಂದ ತಪ್ಪಿದ ಪಂದ್ಯ, ಒಪ್ಪಂದ ಮುಗಿಯುವ ವರ್ಷ, ಒಟ್ಟು ಸಂಬಳದಲ್ಲಿ ಅವನ ಪಾಲು. ಸಂಬಳ ಹೊರಗಿನವರಿಗೆ ಗೊತ್ತಾಗುವುದಿಲ್ಲ, ಉಳಿದ ನಾಲ್ಕನ್ನು ಬೆಂಬಲಿಗರೂ ಕೂತು ತುಂಬಬಹುದು. ಅರ್ಧ ದಿನದ ಕೆಲಸ. ಈ ಪಟ್ಟಿ ಎದುರಿಗಿದ್ದರೆ ನಿಮ್ಮ ಮೂರು ಪಕ್ಷಗಳ ಜಗಳ ಬೇರೆಯೇ ದಾರಿ ಹಿಡಿಯುತ್ತದೆ.

ಪಟ್ಟಿಯಲ್ಲಿ ನೋಡಬೇಕಾದದ್ದು ಇಷ್ಟು. ಒಟ್ಟು ನಿಮಿಷಗಳಲ್ಲಿ ಅರ್ಧಕ್ಕಿಂತ ಹೆಚ್ಚು 30 ದಾಟಿದವರ ಹೆಸರಿನಲ್ಲಿದ್ದರೆ ಮುಂದಿನ ವರ್ಷ ಏನು ಕಾದಿದೆ ಎಂದು ಈಗಲೇ ಹೇಳಬಹುದು: ಡಿಸೆಂಬರ್ ಹೊತ್ತಿಗೆ ತೊಡೆಯ ಹಿಂದಿನ ಸ್ನಾಯು ಹಿಡಿದುಕೊಳ್ಳುವ ಪ್ರಕರಣಗಳು ಸಾಲುಗಟ್ಟುತ್ತವೆ. ಒಂದೇ ವರ್ಷ ಹನ್ನೆರಡು ಜನರ ಒಪ್ಪಂದ ಮುಗಿಯುವುದಿದ್ದರೆ ಅದು ಇನ್ನೂ ದೊಡ್ಡ ಅಪಾಯ. ಒಪ್ಪಂದದ ಕೊನೆಯ ಆರು ತಿಂಗಳಲ್ಲಿ ಆಟಗಾರ ಬೇರೆ ಕ್ಲಬ್ ಜೊತೆ ಮುಂಗಡ ಒಪ್ಪಂದ ಮಾಡಿಕೊಳ್ಳಬಹುದು, ಹಳೆಯ ಕ್ಲಬ್‌ಗೆ ಬಿಡಿಗಾಸೂ ಬರುವುದಿಲ್ಲ. 26 ಜನರ ತಂಡವಾದರೆ ಒಂಬತ್ತು ಜನರದು ಈ ವರ್ಷ, ಒಂಬತ್ತು ಜನರದು ಮುಂದಿನ ವರ್ಷ, ಎಂಟು ಜನರದು ಅದರ ಮುಂದಿನ ವರ್ಷ ಮುಗಿಯುವಂತೆ ಹಂಚುವುದು ಕ್ಷೇಮ. ಉಳಿಸಿಕೊಳ್ಳಬೇಕಾದ ಆಟಗಾರನ ಜೊತೆ ಮಾತುಕತೆ ಒಪ್ಪಂದದಲ್ಲಿ ಹದಿನೆಂಟು ತಿಂಗಳು ಬಾಕಿ ಇರುವಾಗಲೇ ಆಗಬೇಕು. ಒಂದು ವರ್ಷ ಉಳಿದಿದ್ದರೆ ಒಂದೋ ವಿಸ್ತರಿಸಬೇಕು, ಇಲ್ಲವೇ ಮಾರಬೇಕು. ನೋಡೋಣ ಎಂದು ಕೂತ ಕ್ಲಬ್‌ಗಳೇ ಜನವರಿಯಲ್ಲಿ ಬಾಗಿಲು ತೆರೆದಿಟ್ಟು ಕಳೆದುಕೊಳ್ಳುವುದು.

ಎರಡನೆಯ ಕೆಲಸ, ತಂಡ ಯಾಕೆ ಸೋಲುತ್ತಿದೆ ಎಂದು ಗೋಲು ಗೋಲಾಗಿ ನೋಡುವುದು. ಬಿಟ್ಟುಕೊಟ್ಟ ಪ್ರತಿ ಗೋಲಿನ ವಿಡಿಯೋವನ್ನು ಚೆಂಡು ಬಲೆಗೆ ಬೀಳುವ 15 ಸೆಕೆಂಡ್ ಮೊದಲಿನಿಂದ ನೋಡಬೇಕು. ಟಿವಿಯ ರಿಪ್ಲೇ ಕೊನೆಯ ಮೂರು ಸೆಕೆಂಡ್ ತೋರಿಸುತ್ತದೆ, ತಪ್ಪು ಅದಕ್ಕಿಂತ ಮೊದಲೇ ಆಗಿರುತ್ತದೆ.

ಒಂದು ಗೋಲನ್ನು ಹತ್ತಿರದಿಂದ ನೋಡಿ. ಹಿಂದಿನ ಸಾಲಿನ ಬಲ ಅಂಚು ಕಾಯಬೇಕಾದ ನಮ್ಮ ರೈಟ್ ಬ್ಯಾಕ್ ದಾಳಿಗೆ ಕೈಜೋಡಿಸಲು ಎದುರಾಳಿಯ ಪೆನಾಲ್ಟಿ ಏರಿಯಾ ಪಕ್ಕದವರೆಗೂ ಹೋಗಿದ್ದಾನೆ. ಮಧ್ಯದಲ್ಲಿ ನಮ್ಮ ಮಿಡ್‌ಫೀಲ್ಡರ್ ಕೊಟ್ಟ ಅಡ್ಡ ಪಾಸ್ ಎದುರಾಳಿಯ ಕಾಲಿಗೆ ಸಿಗುತ್ತದೆ. ಅವನು ತಲೆ ಎತ್ತಿ ರೈಟ್ ಬ್ಯಾಕ್ ಬಿಟ್ಟುಬಂದ ಖಾಲಿ ಜಾಗಕ್ಕೆ ಒಂದೇ ಉದ್ದ ಪಾಸ್ ಹಾಕುತ್ತಾನೆ. ನಮ್ಮ ಬಲಗಡೆಯ ಸೆಂಟರ್ ಬ್ಯಾಕ್ ಗೋಲಿನ ಮುಂದಿನ ಜಾಗ ಬಿಟ್ಟು ಅಂಚಿನ ಗೆರೆಯತ್ತ ಓಡಲೇಬೇಕು. ಓಡುತ್ತಾನೆ, ಅರ್ಧ ಹೆಜ್ಜೆ ತಡವಾಗುತ್ತದೆ, ಕ್ರಾಸ್ ಬರುತ್ತದೆ, ಮಧ್ಯದಲ್ಲಿ ಉಳಿದ ಒಬ್ಬ ಸೆಂಟರ್ ಬ್ಯಾಕ್ ಎದುರು ಇಬ್ಬರು. ಗೋಲು. ಗ್ಯಾಲರಿ ಬೈಯುವುದು ಸೆಂಟರ್ ಬ್ಯಾಕ್‌ಗಳಿಗೆ, ಮರುದಿನದ ಬೇಡಿಕೆಯೂ ಹೊಸ ಸೆಂಟರ್ ಬ್ಯಾಕ್. ಆದರೆ ಅಲ್ಲಿ ಇಲ್ಲದೇ ಹೋದವನು ಹೋಲ್ಡಿಂಗ್ ಮಿಡ್‌ಫೀಲ್ಡರ್, ಹಿಂದಿನ ಸಾಲಿನ ಎದುರು ಕಾವಲಿರುವವನು. ರೈಟ್ ಬ್ಯಾಕ್ ಮುಂದೆ ಹೋದ ಕ್ಷಣವೇ ಎರಡು ಹೆಜ್ಜೆ ಬಲಕ್ಕೆ ಸರಿದು ಆ ಉದ್ದ ಪಾಸಿನ ದಾರಿ ಮುಚ್ಚಬೇಕಾದವನು ಅವನು. ಋತುವಿನಲ್ಲಿ ಬಿಟ್ಟ 34 ಗೋಲುಗಳಲ್ಲಿ ಎಂಟೋ ಒಂಬತ್ತೋ ಇದೇ ಬಗೆಯವಾದರೆ ಹಣ ಹಾಕಬೇಕಾದದ್ದು ಯಾವ ಜಾಗಕ್ಕೆ ಎಂದು ಬೇರೆ ಹೇಳಬೇಕಿಲ್ಲ.

ಅದೇ ರೀತಿ ಕಾರ್ನರ್, ಫ್ರೀ ಕಿಕ್‌ಗಳಿಂದ ಬಿಟ್ಟ ಗೋಲುಗಳನ್ನು ಬೇರೆ ಎಣಿಸಿ. ಎಷ್ಟೋ ಲೀಗ್‌ಗಳಲ್ಲಿ ನಾಲ್ಕು ಗೋಲಿಗೆ ಒಂದರಷ್ಟು ಹೀಗೆ ಬರುತ್ತದೆ. ನಿಮ್ಮ ತಂಡ ಅದಕ್ಕಿಂತ ತುಂಬ ಹೆಚ್ಚು ಬಿಡುತ್ತಿದ್ದರೆ ಆಟಗಾರರನ್ನು ಬದಲಿಸುವ ಮೊದಲು ತರಬೇತಿಯನ್ನು ಬದಲಿಸಬೇಕು. ವಾರಕ್ಕೆ ಎರಡು ಸಲ, ಸಲಕ್ಕೆ 25 ನಿಮಿಷ ಬರೀ ಕಾರ್ನರ್ ರಕ್ಷಣೆ ಅಭ್ಯಾಸ ಮಾಡಿಸಿದರೆ ಖರ್ಚಿಲ್ಲದೆ ಕೆಲವು ಅಂಕ ಉಳಿಯಬಹುದು. ಇದು ಯಾರ ಕಣ್ಣಿಗೂ ಬೀಳದ ಕೆಲಸ, ಯಾವ ಬೆಂಬಲಿಗನೂ ಇದಕ್ಕಾಗಿ ಘೋಷಣೆ ಕೂಗುವುದಿಲ್ಲ. ನನ್ನ ಪ್ರಕಾರ ಕೆಳಗಿರುವ ತಂಡಕ್ಕೆ ಎಲ್ಲಕ್ಕಿಂತ ಅಗ್ಗದ ಸುಧಾರಣೆ ಇದೇ.

ಇನ್ನು ನಿಮ್ಮದೇ ತಂಡದ ಉದಾಹರಣೆ. ಬೆಂಗಳೂರು ಎಫ್‌ಸಿ 2023-24ರಲ್ಲಿ 22 ಪಂದ್ಯಗಳಿಂದ 22 ಅಂಕ ಗಳಿಸಿ 12 ತಂಡಗಳಲ್ಲಿ ಹತ್ತನೆಯದಾಯಿತು. ನಡುವೆ ಡಿಸೆಂಬರ್‌ನಲ್ಲಿ ಕೋಚ್ ಸೈಮನ್ ಗ್ರೇಸನ್ ಹೋಗಿ ಜೆರಾರ್ಡ್ ಜರಗೋಜಾ ಬಂದರು. ಮರುವರ್ಷ ಅದೇ ಕ್ಲಬ್ 24 ಪಂದ್ಯಗಳಿಂದ 38 ಅಂಕ ಪಡೆದು ಮೂರನೆಯ ಸ್ಥಾನಕ್ಕೆ ಬಂತು, ಲೀಗ್ ಮುಗಿದ ಮೇಲೆ ಮೇಲಿನ ತಂಡಗಳ ನಡುವೆ ನಡೆಯುವ ಪ್ಲೇ ಆಫ್‌ನಲ್ಲಿ ಮುಂಬೈ ಸಿಟಿಯನ್ನು 5-0ಯಿಂದ ಸೋಲಿಸಿ, ಗೋವಾವನ್ನೂ ದಾಟಿ, 2025ರ ಏಪ್ರಿಲ್ 12ರಂದು ಕೋಲ್ಕತ್ತದ ಫೈನಲ್‌ನಲ್ಲಿ ಮೋಹನ್ ಬಾಗಾನ್ ಎದುರು ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತಿತು. ಪಂದ್ಯಕ್ಕೆ ಒಂದು ಅಂಕ ಇದ್ದದ್ದು ಸುಮಾರು 1.6ಕ್ಕೆ ಏರಿತು.

ಎರಡು ಋತುಗಳ ನಡುವಿನ 2024ರ ಆ ಒಂದು ಬೇಸಿಗೆಯಲ್ಲಿ ಮಾಡಿದ್ದೇನು? ಆರು ವಿದೇಶಿಯರಲ್ಲಿ ಸೆಂಟರ್ ಬ್ಯಾಕ್ ಅಲೆಕ್ಸಾಂಡರ್ ಯೊವಾನೊವಿಚ್, ರಯಾನ್ ವಿಲಿಯಮ್ಸ್ ಇಬ್ಬರನ್ನು ಉಳಿಸಿಕೊಂಡರು. ಹೊಸದಾಗಿ ಬಂದವರು ನಾಲ್ವರು: ಮಿಡ್‌ಫೀಲ್ಡ್‌ಗೆ ಪೆಡ್ರೊ ಕಾಪೊ ಮತ್ತು ಆಲ್ಬರ್ಟೊ ನೊಗುವೆರಾ, ಮುಂದೆ ಎಡ್ಗರ್ ಮೆಂಡೆಜ್ ಮತ್ತು ಹೋರ್ಹೆ ಪೆರೆಯ್ರಾ ಡಿಯಾಸ್. ಇವರಲ್ಲಿ ನೊಗುವೆರಾ, ಡಿಯಾಸ್ ಇಬ್ಬರೂ ಅದೇ ಮೇ ತಿಂಗಳಲ್ಲಿ ಮುಂಬೈ ಸಿಟಿ ಪರ ಕಪ್ ಗೆದ್ದವರು. ಇದು ತುಂಬ ಮುಖ್ಯ. ಹೊಸ ವಿದೇಶಿಗೆ ಇಲ್ಲಿನ ಸೆಕೆ, ವಿಮಾನ ಪ್ರಯಾಣದ ದಣಿವು, ಊರಿಂದ ಊರಿಗೆ ಬದಲಾಗುವ ಮೈದಾನ, ರೆಫರಿಗಳ ರೀತಿ ಎಲ್ಲ ಒಗ್ಗಲು ಎರಡು ಮೂರು ತಿಂಗಳು ಬೇಕು. ಆರು ಜನರಲ್ಲಿ ಆರೂ ಹೊಸಬರಾದರೆ ಅಷ್ಟರಲ್ಲಿ ಅರ್ಧ ಲೀಗ್ ಮುಗಿದಿರುತ್ತದೆ. ಉಳಿಸಿಕೊಂಡ ಇಬ್ಬರು, ಲೀಗ್ ಬಲ್ಲ ಇಬ್ಬರು, ಪೂರ್ತಿ ಹೊಸಬರು ಇಬ್ಬರು, ಈ ಹಂಚಿಕೆ ನನಗೆ ಮಾದರಿಯಾಗಿ ಕಾಣುತ್ತದೆ.

ಆದರೆ ವಿದೇಶಿಯರಷ್ಟೇ ಮುಖ್ಯವಾದದ್ದು ಹಿಂದಿನ ಸಾಲಿನಲ್ಲಿ ಆದ ಕೆಲಸ. ಚಿಂಗ್ಲೆನ್ಸಾನಾ ಸಿಂಗ್, ನಿಖಿಲ್ ಪೂಜಾರಿ 2024ರ ಜನವರಿಯಲ್ಲೇ ಹೈದರಾಬಾದ್‌ನಿಂದ ಬಂದಿದ್ದರು. ಬೇಸಿಗೆಯಲ್ಲಿ ರಾಹುಲ್ ಭೆಕೆ ಮುಂಬೈಯಿಂದ ವಾಪಸಾದರು, 2019ರ ಫೈನಲ್‌ನಲ್ಲಿ ಗೋವಾ ವಿರುದ್ಧ ಗೆಲುವಿನ ಗೋಲು ಹೊಡೆದ ಅದೇ ಭೆಕೆ. ಗೋಲಿನಲ್ಲಿ ಗುರ್‌ಪ್ರೀತ್, ಮಧ್ಯದಲ್ಲಿ ಸುರೇಶ್ ವಾಂಗ್ಜಮ್, ಎಡಗಡೆ ರೋಷನ್ ಸಿಂಗ್ ಮೊದಲಿನಿಂದಲೂ ಇದ್ದರು. ಅಂದರೆ ಭಾರತೀಯ ಬೆನ್ನೆಲುಬು ಜನವರಿಯಿಂದಲೇ ಗಟ್ಟಿಯಾಗುತ್ತಿತ್ತು, ವಿದೇಶಿಯರು ಅದರ ಮೇಲೆ ಬಂದು ಕೂತರು.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ನೊಗುವೆರಾ, ಡಿಯಾಸ್, ಮೆಂಡೆಜ್, ಭೆಕೆ ಎಲ್ಲರೂ 30 ದಾಟಿ ಬಂದವರು. ಇಂಥ ಕಟ್ಟುವಿಕೆ ಬೇಗ ಫಲ ಕೊಡುತ್ತದೆ, ಬೇಗ ಸವೆಯುತ್ತದೆ. ಎರಡು ವರ್ಷದಲ್ಲಿ ಮತ್ತೆ ಅದೇ ಜಾಗಗಳಿಗೆ ಹುಡುಕಾಟ ಶುರುವಾಗುತ್ತದೆ. ಕೆಳಗಿನಿಂದ ಹುಡುಗರು ಬರುತ್ತಿದ್ದರೆ ಮಾತ್ರ ಈ ದಾರಿ ಸರಿ. 19ರ ವಿನೀತ್ ವೆಂಕಟೇಶ್ ಆ ಋತುವಿನ ಮೊದಲ ಪಂದ್ಯದಲ್ಲೇ ಈಸ್ಟ್ ಬೆಂಗಾಲ್ ವಿರುದ್ಧದ 1-0 ಗೆಲುವಿನ ಗೋಲು ಹೊಡೆದದ್ದು ಅದಕ್ಕೇ ಸಂತೋಷದ ಸಂಗತಿ.

ಹಳಬರನ್ನೆಲ್ಲ ಕಳಿಸಿ ಎನ್ನುವ ಗೆಳೆಯರಿಗೆ ಸುನಿಲ್ ಛೆಟ್ರಿಯನ್ನು ತೋರಿಸಿ. 2024-25ರಲ್ಲಿ ಅವರಿಗೆ 40 ವರ್ಷ, ಲೀಗ್‌ನಲ್ಲಿ 14 ಗೋಲು, ಭಾರತೀಯರಲ್ಲಿ ಅತಿ ಹೆಚ್ಚು. ಕೆಲವು ಪಂದ್ಯಗಳಲ್ಲಿ ಬೆಂಚಿನಿಂದ ಇಳಿದು ಹೊಡೆದದ್ದು. ಹಳಬನನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂಬುದಕ್ಕೆ ವಯಸ್ಸಿಗಿಂತ ಮೂರು ಲೆಕ್ಕ ಮುಖ್ಯ: ಹಿಂದಿನ ಎರಡು ಋತುಗಳಲ್ಲಿ ಗಾಯದಿಂದ ಎಷ್ಟು ಪಂದ್ಯ ತಪ್ಪಿತು, 70ನೇ ನಿಮಿಷದ ನಂತರ ಅವನ ವೇಗದ ಓಟಗಳ ಸಂಖ್ಯೆ ಎಷ್ಟು ಬೀಳುತ್ತದೆ, ಅರ್ಧ ಪಂದ್ಯ ಮಾತ್ರ ಆಡಿಸಿದರೂ ಮುಖ ಗಂಟಿಕ್ಕದೆ ಒಪ್ಪುತ್ತಾನೋ ಇಲ್ಲವೋ. ಮೂರನೆಯದೇ ಎಷ್ಟೋ ಸಲ ನಿರ್ಣಾಯಕ. ಒಪ್ಪುವವನಿಗೆ ಒಂದು ವರ್ಷದ ಒಪ್ಪಂದ, ಆಡಿದ ಪಂದ್ಯಕ್ಕೆ ತಕ್ಕಂತೆ ಇನ್ನೊಂದು ವರ್ಷಕ್ಕೆ ವಿಸ್ತರಣೆ ಎಂಬ ಷರತ್ತು ಹಾಕಬಹುದು. 33 ದಾಟಿದವನಿಗೆ ಮೂರು ವರ್ಷ ಕೊಟ್ಟರೆ ಮೂರನೆಯ ವರ್ಷದ ಸಂಬಳ ಒಬ್ಬ ಹುಡುಗನ ಜಾಗ ತಿನ್ನುತ್ತದೆ.

ದೊಡ್ಡ ಸ್ಟ್ರೈಕರ್ ಪಕ್ಷದವರಿಗೆ ಈಗ ಬರೋಣ. ಸ್ಟ್ರೈಕರ್‌ನನ್ನು ಅಳೆಯುವಾಗ ಒಟ್ಟು ಗೋಲು ನೋಡಿ ಮೋಸ ಹೋಗುವವರೇ ಹೆಚ್ಚು. ಮೊದಲು ಪೆನಾಲ್ಟಿಗಳನ್ನು ಕಳೆಯಿರಿ. ಪೆನಾಲ್ಟಿ ಯಾರು ಹೊಡೆದರೂ ನಾಲ್ಕರಲ್ಲಿ ಮೂರು ಒಳಗೆ ಹೋಗುತ್ತದೆ, ಅದರಲ್ಲಿ ಸ್ಟ್ರೈಕರ್‌ನ ಬೆಲೆ ಗೊತ್ತಾಗುವುದಿಲ್ಲ. ಆಮೇಲೆ ಉಳಿದ ಗೋಲನ್ನು ಪ್ರತಿ 90 ನಿಮಿಷದ ಲೆಕ್ಕಕ್ಕೆ ತನ್ನಿ. ಒಬ್ಬ 1,950 ನಿಮಿಷ ಆಡಿ 12 ಗೋಲು ಹೊಡೆದಿದ್ದಾನೆ, ಅದರಲ್ಲಿ ನಾಲ್ಕು ಪೆನಾಲ್ಟಿ ಎಂದುಕೊಳ್ಳಿ. ಉಳಿದ ಎಂಟನ್ನು ಭಾಗಿಸಿದರೆ 90 ನಿಮಿಷಕ್ಕೆ 0.37. ಇನ್ನೊಬ್ಬ 1,080 ನಿಮಿಷದಲ್ಲಿ ಪೆನಾಲ್ಟಿ ಇಲ್ಲದೆ ಏಳು ಗೋಲು ಹೊಡೆದಿದ್ದಾನೆ, ಅಲ್ಲಿ 0.58. ಪತ್ರಿಕೆಯ ಪಟ್ಟಿಯಲ್ಲಿ ಮೊದಲಿನವನ ಹೆಸರು ಮೇಲಿರುತ್ತದೆ, ಬೆಲೆಯೂ ಅವನದೇ ಜಾಸ್ತಿ. ಹಾಗೆಂದು ಎರಡನೆಯವನನ್ನು ಕಣ್ಣು ಮುಚ್ಚಿ ತರುವಂತಿಲ್ಲ. ಅವನು ಬದಲಿಯಾಗಿ ಇಳಿದು, ದಣಿದ ಡಿಫೆಂಡರ್‌ಗಳ ಎದುರು ಹೊಡೆದ ಗೋಲುಗಳೆಷ್ಟು ಎಂದು ನೋಡಬೇಕು. ಹೊಡೆತಗಳು ಎಲ್ಲಿಂದ ಬಂದಿವೆ ಎಂಬುದೂ ಬೇಕು. ಆರು ಗಜದ ಒಳಗಿನಿಂದ ಮತ್ತೆ ಮತ್ತೆ ಹೊಡೆಯುವವನು ಮುಂದಿನ ವರ್ಷವೂ ಹೊಡೆಯುತ್ತಾನೆ. 25 ಗಜದಿಂದ ನಾಲ್ಕು ಅದ್ಭುತ ಗೋಲು ಹೊಡೆದವನು ಮುಂದಿನ ವರ್ಷ ಒಂದು ಹೊಡೆದರೆ ಅದೃಷ್ಟ. ಹೈಲೈಟ್ಸ್ ವಿಡಿಯೋದಲ್ಲಿ ಮಾತ್ರ ಈ ಎರಡನೆಯವನೇ ಮಿಂಚುತ್ತಾನೆ.

ಸರಿಯಾದ ಸ್ಟ್ರೈಕರ್ ಸಿಕ್ಕಿದರೆ ಫಲ ದೊಡ್ಡದು ಎಂಬುದನ್ನು ಅಲ್ಲಗಳೆಯುವಂತಿಲ್ಲ. ನಾರ್ತ್ ಈಸ್ಟ್ ಯುನೈಟೆಡ್ 2022-23ರಲ್ಲಿ 20 ಪಂದ್ಯಗಳಿಂದ ಐದೇ ಅಂಕ ಪಡೆದು ಕೊನೆಯ ಸ್ಥಾನದಲ್ಲಿತ್ತು. 2024-25ರಲ್ಲಿ ಅಲಾಯದ್ದೀನ್ ಅಜರೈ 23 ಗೋಲು ಹೊಡೆದರು, ತಂಡ ನಾಲ್ಕನೆಯದಾಯಿತು. ಹೊರಗಿನಿಂದ ನೋಡಿದರೆ ಒಬ್ಬ ಸ್ಟ್ರೈಕರ್ ಮಾಡಿದ ಪವಾಡ. ಆದರೆ ಕೋಚ್ ಹುವಾನ್ ಪೆಡ್ರೊ ಬೆನಾಲಿ 2023ರಲ್ಲೇ ಬಂದಿದ್ದರು, ಒಂದು ಪೂರ್ತಿ ಋತು ಪಾರ್ಥಿಬ್ ಗೊಗೊಯ್, ಜಿತಿನ್‌ರಂಥ ಭಾರತೀಯರಿಗೆ ಆಡುವ ರೀತಿ ಕಲಿಸಿದ್ದರು. ಚೆಂಡು ಸಿಕ್ಕ ಕೂಡಲೇ ಅಂಚಿನಲ್ಲಿ ಓಡುವವರು ತಯಾರಿದ್ದಾಗ ಅಜರೈ ಬಂದರು. ಆ ಸಲದ ಲೀಗ್ ಶುರುವಾಗುವ ಮೊದಲೇ, 2024ರ ಆಗಸ್ಟ್ 31ರಂದು, ಈ ತಂಡ ಮೋಹನ್ ಬಾಗಾನ್ ಅನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲಿಸಿ, ಲೀಗ್‌ನಿಂದ ಬೇರೆಯಾದ ಡುರಾಂಡ್ ಕಪ್ ಟೂರ್ನಿಯನ್ನು ಗೆದ್ದಿತ್ತು.

ನನಗೆ ಇನ್ನೂ ಇಷ್ಟವಾದ ಉದಾಹರಣೆ ಹೈದರಾಬಾದ್ ಎಫ್‌ಸಿ. 2019-20ರಲ್ಲಿ 18 ಪಂದ್ಯಗಳಿಂದ 10 ಅಂಕ, ಕೊನೆಯ ಸ್ಥಾನ. 2020ರಲ್ಲಿ ಮನೋಲೊ ಮಾರ್ಕೆಜ್ ಬಂದರು. ಎಡಕ್ಕೆ ಆಕಾಶ್ ಮಿಶ್ರಾ, ಬಲಕ್ಕೆ ಆಶಿಶ್ ರಾಯ್, ಮಧ್ಯದಲ್ಲಿ ಚಿಂಗ್ಲೆನ್ಸಾನಾ, ಹೆಸರಿಲ್ಲದ ಹುಡುಗರನ್ನು ವಾರ ವಾರವೂ ಇಳಿಸಿದರು. ಆ ವರ್ಷ ಐದನೆಯ ಸ್ಥಾನ, ಪ್ಲೇ ಆಫ್ ಕೂಡ ಸಿಗಲಿಲ್ಲ. ತಂಡವನ್ನು ಚದುರಿಸಲಿಲ್ಲ. ಮುಂದಿನ ಬೇಸಿಗೆಯಲ್ಲಿ ಲೀಗ್ ಚೆನ್ನಾಗಿ ಬಲ್ಲ ಬಾರ್ತೊಲೊಮ್ಯು ಒಗ್ಬೆಚೆಯನ್ನು ತಂದರು, ಅವರು 18 ಗೋಲು ಹೊಡೆದರು. 2022ರ ಮಾರ್ಚ್ 20ರಂದು ಗೋವಾದಲ್ಲಿ ಕೇರಳ ಬ್ಲಾಸ್ಟರ್ಸ್ ಎದುರಿನ ಫೈನಲ್ ಶೂಟೌಟ್‌ಗೆ ಹೋಯಿತು, ಗೋಲ್‌ಕೀಪರ್ ಲಕ್ಷ್ಮೀಕಾಂತ್ ಕಟ್ಟಿಮನಿ ಕಪ್ ಗೆಲ್ಲಿಸಿಕೊಟ್ಟರು. ಕ್ರಮ ಗಮನಿಸಿ: ಕೋಚ್, ಹಿಂದಿನ ಸಾಲಿನ ಭಾರತೀಯರು, ಒಂದು ವರ್ಷದ ತಾಳ್ಮೆ, ಆಮೇಲೆ ಸ್ಟ್ರೈಕರ್. ಅದೇ ಕ್ಲಬ್ ಹಣದ ತೊಂದರೆಗೆ ಸಿಕ್ಕಿ, ಆಟಗಾರರೆಲ್ಲ ಚದುರಿ, 2023-24ರಲ್ಲಿ 22 ಪಂದ್ಯಗಳಲ್ಲಿ ಒಂದೇ ಒಂದು ಗೆದ್ದಿತು. ಸಂಬಳ ಸಮಯಕ್ಕೆ ಸಿಗದ ತಂಡವನ್ನು ಯಾವ ಕೋಚ್ ಕೂಡ ಹಿಡಿದಿಡಲಾರ.

ಒಂದು ಬೇಸಿಗೆಯಲ್ಲಿ ಎಷ್ಟು ಜನರನ್ನು ಬದಲಿಸಬಹುದು? ಮೊದಲ ಹನ್ನೊಂದರಲ್ಲಿ ನಾಲ್ಕು, ಹೆಚ್ಚೆಂದರೆ ಐದು. ಅದಕ್ಕಿಂತ ಮೇಲೆ ಹೋದರೆ ಆಟಗಾರರಿಗೆ ಒಬ್ಬರ ಓಟ ಒಬ್ಬರಿಗೆ ಗೊತ್ತಾಗುವ ಹೊತ್ತಿಗೆ ತಂಡ ಹಿಂದೆ ಬಿದ್ದಿರುತ್ತದೆ. ಇಂಗ್ಲೆಂಡಿನ ಚೆಲ್ಸಿ 2022-23ರಲ್ಲಿ 50 ಕೋಟಿ ಪೌಂಡ್‌ಗೂ ಹೆಚ್ಚು ಖರ್ಚು ಮಾಡಿ, ಒಂದೇ ಋತುವಿನಲ್ಲಿ ಕೋಚ್‌ಗಳನ್ನೂ ಮತ್ತೆ ಮತ್ತೆ ಬದಲಿಸಿ 12ನೆಯ ಸ್ಥಾನದಲ್ಲಿ ಮುಗಿಸಿತು. ಅತ್ತ ಬ್ರೆಂಟ್‌ಫರ್ಡ್ 2020ರಲ್ಲಿ ತನ್ನ ಮುಖ್ಯ ಗೋಲುಗಾರ ಆಲಿ ವಾಟ್ಕಿನ್ಸ್‌ನನ್ನು ಮಾರಿ, ಅದೇ ಬೇಸಿಗೆಯಲ್ಲಿ ಕೆಳಗಿನ ದರ್ಜೆಯ ಪೀಟರ್‌ಬರೋದಿಂದ ಐವನ್ ಟೋನಿಯನ್ನು ತಂದಿತು. ಟೋನಿ ಆ ವರ್ಷ ಲೀಗ್‌ನಲ್ಲಿ 31 ಗೋಲು ಹೊಡೆದ, ಕ್ಲಬ್ 1947ರ ನಂತರ ಮೊದಲ ಬಾರಿ ಅತ್ಯುನ್ನತ ದರ್ಜೆಗೆ ಏರಿತು. ಯಾರು ಹೋದರೆ ಯಾರು ಬರಬೇಕು ಎಂಬ ಪಟ್ಟಿ ಅವರ ಬಳಿ ಮೊದಲೇ ತಯಾರಿತ್ತು. ಪ್ರತಿ ಜಾಗಕ್ಕೂ ಮೂರು ಹೆಸರು ವರ್ಷವಿಡೀ ಸಿದ್ಧ ಇರಬೇಕು. ಆಗಸ್ಟ್ ಕೊನೆಯ ವಾರದಲ್ಲಿ ಹುಡುಕಲು ಕೂತರೆ ಸಿಗುವುದು ಬೇರೆಯವರು ಬೇಡವೆಂದು ಬಿಟ್ಟವರು.

26 ಜನರ ಹಂಚಿಕೆ ಸರಳ. ಮೂವರು ಗೋಲ್‌ಕೀಪರ್, ಉಳಿದ ಹತ್ತು ಜಾಗಕ್ಕೆ ಇಬ್ಬಿಬ್ಬರಂತೆ 20, ಮೂರು ಜಾಗದಲ್ಲಿ ಆಡಬಲ್ಲ ಹುಡುಗರು ಮೂವರು. ವಿದೇಶಿಯರ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ನಾಲ್ವರು ಮೈದಾನದಲ್ಲಿದ್ದರೆ ಐದನೆಯ ವಿದೇಶಿಯನ್ನು ಇಳಿಸಲು ಒಬ್ಬ ವಿದೇಶಿಯನ್ನೇ ಹೊರಗೆ ತೆಗೆಯಬೇಕು. ಆದ್ದರಿಂದ ನಾಲ್ವರೂ ದಾಳಿಗಾರರಾದರೆ, ಒಂದು ಗೋಲಿನಿಂದ ಮುಂದಿದ್ದು ಕೊನೆಯ 15 ನಿಮಿಷ ಕಾಯ್ದುಕೊಳ್ಳಬೇಕಾದಾಗ ಹಿಂದಿನ ಸಾಲಿನಲ್ಲಿ ಅನುಭವಿ ಒಬ್ಬನೂ ಇರುವುದಿಲ್ಲ. ಒಬ್ಬ ಸೆಂಟರ್ ಬ್ಯಾಕ್, ಒಬ್ಬ ಹೋಲ್ಡಿಂಗ್ ಮಿಡ್‌ಫೀಲ್ಡರ್, ಒಬ್ಬ ಪ್ಲೇಮೇಕರ್, ಮುಂದೆ ಮೂವರು, ಆ ಮೂವರಲ್ಲಿ ಒಬ್ಬ ವಿಂಗ್‌ನಲ್ಲೂ ಮಧ್ಯದಲ್ಲೂ ಆಡಬಲ್ಲವನು: ಹೀಗಿದ್ದರೆ ಕೋಚ್ ಕೈ ಕಟ್ಟಿಹಾಕಿದಂತಾಗುವುದಿಲ್ಲ.

ಹುಡುಗರನ್ನು ಇಳಿಸುವುದಕ್ಕೂ ಲೆಕ್ಕ ಬೇಕು. ಸೋಲುವ ತಂಡಕ್ಕೆ ಒಟ್ಟಿಗೆ ಐದು ಹುಡುಗರನ್ನು ತಳ್ಳಿದರೆ ಐವರೂ ಹಾಳಾಗುತ್ತಾರೆ. ಒಮ್ಮೆಗೆ ಇಬ್ಬರು, ಪಕ್ಕದಲ್ಲಿ ಅನುಭವಿ. ಎಡಗಡೆ ಹುಡುಗ ಬ್ಯಾಕ್ ಆಡುತ್ತಿದ್ದರೆ ಎಡ ಸೆಂಟರ್ ಬ್ಯಾಕ್ ಹಳಬನೇ ಆಗಬೇಕು, ಕೂಗಿ ಹೇಳಿ ನಿಲ್ಲಿಸುವವನು. ಒಂದು ಋತುವಿನಲ್ಲಿ ಒಬ್ಬ ಹುಡುಗನಿಗೆ 600ರಿಂದ 900 ನಿಮಿಷ ಗುರಿ ಇಟ್ಟುಕೊಳ್ಳಿ, ಡುರಾಂಡ್ ಕಪ್ ಅದಕ್ಕೆ ಒಳ್ಳೆಯ ಜಾಗ. ಅಷ್ಟು ಕೊಡಲಾಗದಿದ್ದರೆ ಲೋನ್‌ನಲ್ಲಿ, ಅಂದರೆ ಸ್ವಲ್ಪ ಕಾಲಕ್ಕೆ ಎರವಲಾಗಿ ಬೇರೆ ಕ್ಲಬ್‌ಗೆ, ಕಳಿಸುವುದೇ ಲೇಸು. ಬೆಂಚಿನಲ್ಲಿ ಕೂತು ಯಾರೂ ಕಲಿಯುವುದಿಲ್ಲ.

ಜನವರಿ ವಿಂಡೋ, ಅಂದರೆ ಋತುವಿನ ನಡುವೆ ಆಟಗಾರರನ್ನು ತರಲು ಸಿಗುವ ಅವಧಿ, ತಿದ್ದುಪಡಿಗೆ ಮಾತ್ರ. ಇಬ್ಬರು, ಹೆಚ್ಚೆಂದರೆ ಮೂವರು, ಅದರಲ್ಲೂ ಮುಂದಿನ ಋತುವಿಗೂ ಬೇಕಾದವರು.

ಈಗ ಕೊಡಗಿನ ಹುಡುಗರ ವಿಷಯ. ಹಾಕಿಯಲ್ಲಿ ನಮಗೆ ಏಣಿ ಸಿದ್ಧವಿದೆ. ಮಡಿಕೇರಿ, ಪೊನ್ನಂಪೇಟೆ, ಕೂಡಿಗೆಯ ಕ್ರೀಡಾ ನಿಲಯಗಳಿವೆ, 1997ರಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ನಮ್ಮೆಗೆ (ಹಬ್ಬಕ್ಕೆ) 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ತಂಡ ಇಳಿಸಿದವು. ಫುಟ್‌ಬಾಲ್‌ಗೆ ಅಂಥ ಏಣಿ ಜಿಲ್ಲೆಯೊಳಗೆ ಇಲ್ಲ. ಮೇಲಿನ ಮೆಟ್ಟಿಲುಗಳು ಬೆಂಗಳೂರಿನಲ್ಲಿವೆ: ರಾಜ್ಯ ಫುಟ್‌ಬಾಲ್ ಸಂಸ್ಥೆಯ ಡಿವಿಷನ್ ಲೀಗ್‌ಗಳು, ಅವುಗಳ ತುದಿಯಲ್ಲಿ ಸೂಪರ್ ಡಿವಿಷನ್. ಹೊಸ ಆಟಗಾರರನ್ನು ಹುಡುಕುವ ಕ್ಲಬ್‌ಗಳ ಸ್ಕೌಟ್‌ಗಳು ಕೂತು ನೋಡುವುದು ಅಲ್ಲಿ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ತಂದ ಕರ್ನಾಟಕ ತಂಡಕ್ಕೆ ಆಯ್ಕೆಯ ದಾರಿಯೂ ಇದೇ ಲೀಗ್‌ಗಳು. ಸುಂಟಿಕೊಪ್ಪದ ಗೋಲ್ಡ್ ಕಪ್‌ನಲ್ಲಿ ಒಂದು ರಾತ್ರಿ ಹೊಡೆದ ಮೂರು ಗೋಲಿಗಿಂತ ಕೆಳ ಡಿವಿಷನ್‌ನ ಹತ್ತು ಸಾಧಾರಣ ಪಂದ್ಯ ಹುಡುಗನನ್ನು ಹೆಚ್ಚು ಮುಂದೆ ಒಯ್ಯುತ್ತದೆ.

ಮಳೆಗಾಲ ನಮ್ಮ ದೊಡ್ಡ ತೊಡಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮೈದಾನ ಕೆಸರು, ಆಟ ನಿಂತುಹೋಗುತ್ತದೆ. ಅದೇ ಹೊತ್ತಿಗೆ ಹೊಸ ಋತುವಿಗೆ ಕ್ಲಬ್‌ಗಳ ತಯಾರಿ ನಡೆದಿರುತ್ತದೆ. ಎರಡು ತಿಂಗಳು ಪಂದ್ಯ ಆಡದ ಹುಡುಗ ಟ್ರಯಲ್ಸ್‌ಗೆ ಹೋದರೆ 20ನೇ ನಿಮಿಷಕ್ಕೆ ಏದುಸಿರು. ಮಳೆಯಲ್ಲೂ ವಾರಕ್ಕೆ ಮೂರು ದಿನ ರಸ್ತೆಯ ಏರಿನಲ್ಲಿ 30 ಸೆಕೆಂಡ್‌ನ ಹತ್ತು ಓಟ, ಶಾಲೆಯ ಸಭಾಂಗಣದಲ್ಲೋ ಒಳಾಂಗಣದಲ್ಲೋ ಎರಡು ದಿನ ಚೆಂಡಿನ ಅಭ್ಯಾಸ, ಇಷ್ಟನ್ನಾದರೂ ಬಿಡಬಾರದು.

ಆಡುವ ಜಾಗವನ್ನೂ ಯೋಚಿಸಿ ಆರಿಸಿಕೊಳ್ಳಲಿ. ಟ್ರಯಲ್ಸ್‌ಗೆ ಬರುವ ಹುಡುಗರಲ್ಲಿ ವಿಂಗರ್‌ಗಳದೇ ಗುಂಪು. ಎಡಗಾಲಿನ ಲೆಫ್ಟ್ ಬ್ಯಾಕ್, ಎತ್ತರದ ಸೆಂಟರ್ ಬ್ಯಾಕ್, ಗೋಲಿಗೆ ಬೆನ್ನು ತಿರುಗಿಸಿ ಚೆಂಡನ್ನು ಕಾಲಲ್ಲಿ ಹಿಡಿದಿಡಬಲ್ಲ ಸ್ಟ್ರೈಕರ್ ಅಪರೂಪ. ಈ ಮೂರು ಜಾಗಕ್ಕೆ ಬೇಡಿಕೆ ಯಾವಾಗಲೂ ಇದೆ.

ಕೊನೆಯದಾಗಿ ಕಾಗದ ಪತ್ರ. ಜನನ ಪ್ರಮಾಣಪತ್ರ, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಹೆಸರು ಒಂದೇ ರೀತಿ ಇರಬೇಕು. ನಮ್ಮಲ್ಲಿ ಒಂದರಲ್ಲಿ ಮನೆಹೆಸರು ಪೂರ್ತಿ, ಇನ್ನೊಂದರಲ್ಲಿ ಇನಿಷಿಯಲ್ ಮಾತ್ರ ಇರುವುದು ಮಾಮೂಲಿ, ನೋಂದಣಿ ನಿಲ್ಲುವುದು ಅಲ್ಲೇ. ಊರಿನ ಕ್ಲಬ್‌ಗಳು 12 ತುಂಬಿದ ಹುಡುಗನನ್ನು ಸಂಸ್ಥೆಯಲ್ಲಿ ಅಧಿಕೃತವಾಗಿ ನೋಂದಾಯಿಸಲಿ. ಮುಂದೆ ಆ ಹುಡುಗ ಒಪ್ಪಂದದ ನಡುವೆಯೇ ವಿದೇಶದ ಕ್ಲಬ್‌ಗೆ ಮಾರಾಟವಾದರೆ, ಫಿಫಾ ನಿಯಮದಂತೆ ಆ ಮೊತ್ತದ ಶೇ 5ರಷ್ಟು 12ರಿಂದ 23ನೇ ವಯಸ್ಸಿನವರೆಗೆ ಅವನನ್ನು ಬೆಳೆಸಿದ ಕ್ಲಬ್‌ಗಳಿಗೆ ಹಂಚಿಕೆಯಾಗುತ್ತದೆ. 12ರಿಂದ 15ರವರೆಗಿನ ಪ್ರತಿ ವರ್ಷಕ್ಕೆ ಶೇ 0.25, 16ರಿಂದ ಮುಂದೆ ಪ್ರತಿ ವರ್ಷಕ್ಕೆ ಶೇ 0.5. ಒಂದು ಕೋಟಿ ರೂಪಾಯಿಯ ವರ್ಗಾವಣೆಯಾದರೆ ಮೊದಲ ನಾಲ್ಕು ವರ್ಷ ಬೆಳೆಸಿದ ಕ್ಲಬ್‌ಗೆ ಒಂದು ಲಕ್ಷ. ನೋಂದಣಿಯ ದಾಖಲೆ ಇಲ್ಲದವರಿಗೆ ಏನೂ ಇಲ್ಲ. ವಿಡಿಯೋ ಕಳಿಸುವುದಾದರೆ ಗೋಲುಗಳನ್ನಷ್ಟೇ ಕತ್ತರಿಸಿ ಜೋಡಿಸಿದ್ದು ಬೇಡ. ಎತ್ತರದ ಜಾಗದಿಂದ, ಮಧ್ಯದ ಗೆರೆಯ ನೇರಕ್ಕೆ ನಿಂತು ತೆಗೆದ ಎರಡು ಪೂರ್ತಿ ಪಂದ್ಯ ಕಳಿಸಿ, ಜೆರ್ಸಿ ನಂಬರ್, ಹುಟ್ಟಿದ ದಿನಾಂಕ, ಎತ್ತರ, ಯಾವ ಕಾಲು ಬಲವಾದದ್ದು ಎಂದು ಜೊತೆಗೆ ಬರೆಯಿರಿ. ಚೆಂಡು ತನ್ನ ಹತ್ತಿರ ಇಲ್ಲದಾಗ ಹುಡುಗ ಎಲ್ಲಿ ನಿಲ್ಲುತ್ತಾನೆ ಎಂದು ನೋಡಲು ಸ್ಕೌಟ್‌ಗೆ ಪೂರ್ತಿ ಪಂದ್ಯವೇ ಬೇಕು.